ರ್‍ಯಾಕಿನಿಂದ ಲ್ಯಾಪ್‌ಟಾಪಿಗೆ: ಧ್ವನಿ ಸಂಸ್ಕರಣೆ ಮತ್ತು ಕಾಲದ ಲೆಕ್ಕ

ಮಾನ್ಯ ಸಭಿಕರೇ,

1957ರಲ್ಲಿ ಜರ್ಮನಿಯಲ್ಲಿ ತಯಾರಾದ ಇಎಂಟಿ 140 ಎಂಬ ರಿವರ್ಬ್ (ಅನುರಣನ, ಅಂದರೆ ಮೂಲ ಸದ್ದು ನಿಂತ ಮೇಲೂ ಉಳಿಯುವ ಗುಂಗು) ಯಂತ್ರದ ಒಳಗಿದ್ದದ್ದು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಹಾಳೆ. ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿದ ಆ ಹಾಳೆಯನ್ನು ಗಾಯಕರ ಧ್ವನಿಯಿಂದ ಕಂಪಿಸುವಂತೆ ಮಾಡಿ, ಅಂಚುಗಳಿಗೆ ತಾಕಿ ಮರಳುವ ಅಲೆಗಳನ್ನು ಇನ್ನೊಂದು ಕಡೆ ಹಿಡಿದು, ಮೂಲ ಧ್ವನಿಯೊಂದಿಗೆ ಬೆರೆಸುತ್ತಿದ್ದರು. ಕಾಲು ಟನ್ನಿನಷ್ಟು ತೂಗುತ್ತಿದ್ದ ಈ ಪೆಟ್ಟಿಗೆಯನ್ನು ಸದ್ದುಗದ್ದಲವಿಲ್ಲದ ಜಾಗದಲ್ಲಿ ಇಡಬೇಕಾಗಿತ್ತು, ಏಕೆಂದರೆ ಪಕ್ಕದಲ್ಲಿ ಯಾರಾದರೂ ಬಾಗಿಲು ಬಡಿದರೆ ಹಾಳೆ ಅದನ್ನೂ ಹಾಡಿನೊಳಕ್ಕೆ ಸೇರಿಸಿಕೊಳ್ಳುತ್ತಿತ್ತು. ಇಂದು ಅದೇ ಹಾಳೆಯನ್ನು ಅನುಕರಿಸುವ ಪ್ಲಗಿನ್‌ನ, ಅಂದರೆ ಧ್ವನಿಮುದ್ರಣ ತಂತ್ರಾಂಶದೊಳಗೆ ಸೇರಿಕೊಂಡು ಓಡುವ ಪುಟ್ಟ ತಂತ್ರಾಂಶದ, ಹತ್ತು ಪ್ರತಿಗಳನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೇ ಓಡಿಸಬಹುದು. ಈ ಬದಲಾವಣೆಯನ್ನು ಕುರಿತ ಚರ್ಚೆಗಳೆಲ್ಲ ‘ಸದ್ದು ಮೊದಲಿನಂತೆಯೇ ಇದೆಯೇ’ ಎಂಬಲ್ಲೇ ಸುತ್ತುತ್ತಿರುತ್ತವೆ. ನನ್ನ ಮಟ್ಟಿಗೆ ಆ ಪ್ರಶ್ನೆ ಬಹುಪಾಲು ಇತ್ಯರ್ಥವಾಗಿದೆ. ಯಾವ ಯಂತ್ರವನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸುವಾಗ ನೋಡಬೇಕಾದದ್ದು ಕಾಲವನ್ನು: ಮಿಲಿಸೆಕೆಂಡುಗಳಲ್ಲಿ ಅಳೆಯುವ ವಿಳಂಬವನ್ನು, ವರ್ಷಗಳಲ್ಲಿ ಅಳೆಯುವ ಬಾಳಿಕೆಯನ್ನು.

ಹಾರ್ಡ್‌ವೇರ್ ಎಂದು ನಾವು ಕರೆಯುವ ಯಂತ್ರಗಳಲ್ಲಿ ಹಲವು ಮೊದಲಿನಿಂದಲೂ ಕಂಪ್ಯೂಟರುಗಳೇ ಆಗಿದ್ದವು. ಬ್ಯಾರಿ ಬ್ಲೆಸರ್ ರೂಪಿಸಿದ, 1976ರಲ್ಲಿ ಬಂದ ಇಎಂಟಿ 250 ಮತ್ತು ಅದರ ಬೆನ್ನಿಗೇ 1978ರಲ್ಲಿ ಬಂದ ಲೆಕ್ಸಿಕನ್ 224 ಅನುರಣನವನ್ನು ಲೆಕ್ಕಾಚಾರದಿಂದಲೇ ಹುಟ್ಟಿಸುತ್ತಿದ್ದವು. 1996ರಲ್ಲಿ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿಯು ವಿಎಸ್‌ಟಿ ಎಂಬ ವ್ಯವಸ್ಥೆಯನ್ನು ರೂಪಿಸಿ, ಬೇರೆಯವರು ಬರೆದ ಪ್ಲಗಿನ್‌ಗಳೂ ತನ್ನ ಕ್ಯೂಬೇಸ್ ತಂತ್ರಾಂಶದೊಳಗೆ ಓಡುವಂತೆ ಮಾಡಿದ ಮೇಲೆ, ಇಂಥ ಲೆಕ್ಕಾಚಾರಕ್ಕೆ ಪ್ರತ್ಯೇಕ ಪೆಟ್ಟಿಗೆಯೇ ಬೇಕೆಂಬ ನಿರ್ಬಂಧ ಸಡಿಲವಾಯಿತು. ಇಲ್ಲಿ ನಡೆದದ್ದು ಮನೆ ಬದಲಾವಣೆ, ಅಷ್ಟೇ.

ನಿಜವಾದ ಕಷ್ಟ ಇರುವುದು ಧ್ವನಿಯನ್ನು ಅಂಕಿಗಳಾಗಿಸದೆ ವಿದ್ಯುತ್ ಸಂಕೇತವಾಗಿಯೇ ಸಂಸ್ಕರಿಸುವ ಅನಲಾಗ್ ಯಂತ್ರಗಳಲ್ಲಿ, ಅವುಗಳಲ್ಲೂ ಜೋರಾದ ಧ್ವನಿಯನ್ನು ಅದುಮಿ ಏರಿಳಿತ ತಗ್ಗಿಸುವ ಕಂಪ್ರೆಸರಿನಲ್ಲಿ. ಒಂದು ಸಭಾಂಗಣದ ಅನುರಣನವನ್ನು ಪರೀಕ್ಷಾ ಸದ್ದಿನಿಂದ ಒಮ್ಮೆ ಅಳೆದಿಟ್ಟುಕೊಂಡರೆ ಯಾವ ಧ್ವನಿಗಾದರೂ ಅದನ್ನು ಹಚ್ಚಬಹುದು, ಏಕೆಂದರೆ ಮೆಲ್ಲಗೆ ಹಾಡಿದರೂ ಜೋರಾಗಿ ಹಾಡಿದರೂ ಸಭಾಂಗಣ ತನ್ನ ಗುಣವನ್ನು ಬದಲಿಸುವುದಿಲ್ಲ. ಕಂಪ್ರೆಸರಿನ ಕೆಲಸವೇ ಧ್ವನಿಯ ಮಟ್ಟಕ್ಕೆ ತಕ್ಕಂತೆ ಬದಲಾಗುವುದು. ಆದ್ದರಿಂದ ಅದನ್ನು ಒಮ್ಮೆ ಅಳೆದು ಮುಗಿಸಲಾಗದು. ಒಳಗಿನ ವಿದ್ಯುನ್ಮಂಡಲವನ್ನೇ ಸಮೀಕರಣಗಳಾಗಿ ಬರೆಯಬೇಕಾಗುತ್ತದೆ.

1967ರಲ್ಲಿ ಬಂದ ‘1176’ ಎಂಬ ಕಂಪ್ರೆಸರನ್ನೇ ನೋಡಿ. ಅದು ಧ್ವನಿಯನ್ನು ಅದುಮಲು ತೆಗೆದುಕೊಳ್ಳುವ ಅತಿ ಕಡಿಮೆ ಸಮಯ 20 ಮೈಕ್ರೊಸೆಕೆಂಡ್. ಸಿ.ಡಿ. ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್‌ಗಳ (ಧ್ವನಿಯ ಮಟ್ಟವನ್ನು ಅಳೆದ ಅಂಕಿಗಳ) ದರದಲ್ಲಿ, ಒಂದು ಸ್ಯಾಂಪಲ್‌ನಿಂದ ಮುಂದಿನದಕ್ಕೆ ಇರುವ ಅಂತರವೇ ಸುಮಾರು 22.7 ಮೈಕ್ರೊಸೆಕೆಂಡ್. ಕಂಪ್ಯೂಟರ್ ಒಮ್ಮೆ ಕಣ್ಣು ಬಿಟ್ಟು ಮತ್ತೊಮ್ಮೆ ಬಿಡುವುದರೊಳಗೆ ಹಳೆಯ ಯಂತ್ರ ಕೆಲಸ ಮುಗಿಸಿರುತ್ತದೆ! ಅಷ್ಟೇ ಅಲ್ಲ, ಈ ಯಂತ್ರ ಎಷ್ಟು ಅದುಮಬೇಕೆಂಬುದನ್ನು ತನ್ನದೇ ಹೊರಧ್ವನಿಯನ್ನು ನೋಡಿ ನಿರ್ಧರಿಸುತ್ತದೆ. ಆದರೆ ಆ ಹೊರಧ್ವನಿ ಎಷ್ಟಿರುತ್ತದೆ ಎಂಬುದು ಎಷ್ಟು ಅದುಮಲಾಯಿತು ಎಂಬುದನ್ನೇ ಅವಲಂಬಿಸಿದೆ. ತಂತಿಯಲ್ಲಿ ಇದು ತಾನಾಗಿಯೇ ಸರಿತೂಗುತ್ತದೆ. ತಂತ್ರಾಂಶದಲ್ಲಿ ಪ್ರತಿ ಸ್ಯಾಂಪಲ್‌ಗೂ ಸಮೀಕರಣವನ್ನು ಬಿಡಿಸಬೇಕು. ಇದರ ಜೊತೆಗೆ, 10 ಕಿಲೋಹರ್ಟ್ಸ್ ಸ್ವರವೊಂದು ವಿರೂಪಗೊಂಡು ಅದರ ಮೂರು ಪಟ್ಟಿನ 30 ಕಿಲೋಹರ್ಟ್ಸ್ ಹುಟ್ಟಿದರೆ ಅನಲಾಗ್ ಯಂತ್ರದಲ್ಲಿ ಅದು ಕಿವಿಗೆ ಕೇಳಿಸುವುದಿಲ್ಲ, ಆದರೆ 44.1 ಕಿಲೋಹರ್ಟ್ಸ್ ದರದಲ್ಲಿ, ದರದ ಅರ್ಧಕ್ಕಿಂತ ಮೇಲಿನ ಆವರ್ತನಕ್ಕೆ ಜಾಗವಿಲ್ಲದ್ದರಿಂದ, ಅದು ಮಡಿಚಿಕೊಂಡು 14.1 ಕಿಲೋಹರ್ಟ್ಸ್ ಆಗಿ, ಮೂಲಕ್ಕೆ ಹೊಂದದ ಅಪಸ್ವರವಾಗಿ, ಕೆಳಗಿಳಿದು ಬರುತ್ತದೆ. ಸ್ಯಾಂಪಲ್ ದರವನ್ನು ಒಳಗೊಳಗೇ ನಾಲ್ಕು ಅಥವಾ ಎಂಟು ಪಟ್ಟು ಏರಿಸಿ ಲೆಕ್ಕ ಮಾಡಿದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ. ಇಂದಿನ ಒಳ್ಳೆಯ ಪ್ಲಗಿನ್‌ಗಳು ಈ ಶ್ರಮವನ್ನೆಲ್ಲ ಮಾಡುತ್ತವೆ. ಹಾಗಾಗಿಯೇ ಸದ್ದಿನ ಪ್ರಶ್ನೆ ಬಹುಪಾಲು ಇತ್ಯರ್ಥವಾಗಿದೆ ಎಂದೆ.

ಇನ್ನು ವಿಳಂಬ. ಕಂಪ್ಯೂಟರ್ ಧ್ವನಿಯನ್ನು ಕಂತು ಕಂತಾಗಿ ತೆಗೆದುಕೊಳ್ಳುತ್ತದೆ. ಕಂತಿನ ಗಾತ್ರ, ಅಂದರೆ ಬಫರ್, 256 ಸ್ಯಾಂಪಲ್ ಇದ್ದರೆ ಒಂದು ಕಂತಿಗೆ 5.8 ಮಿಲಿಸೆಕೆಂಡ್; ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಸೇರಿ ಹತ್ತಿರ ಹತ್ತಿರ 12. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ನಾಲ್ಕು ಮೀಟರ್ ಸಾಗುತ್ತದೆ, ಆದ್ದರಿಂದ ಹೆಡ್‌ಫೋನ್ ಹಾಕಿಕೊಂಡ ಮೃದಂಗ ವಾದಕರಿಗೆ ತಮ್ಮದೇ ಪೆಟ್ಟು ನಾಲ್ಕು ಮೀಟರ್ ಆಚೆಯಿಂದ ಕೇಳಿದಂತಾಗುತ್ತದೆ. ಗಾಯಕರ ಪಾಡು ಇನ್ನೂ ಕಷ್ಟ: ತಲೆಬುರುಡೆಯ ಮೂಲಕ ತಕ್ಷಣ ಕೇಳುವ ಸ್ವಂತ ಧ್ವನಿಗೆ ತಡವಾಗಿ ಬಂದ ಧ್ವನಿ ಬೆರೆತು ಕೆಲವು ಆವರ್ತನಗಳು ಪರಸ್ಪರ ಅಳಿಸಿಹೋಗುತ್ತವೆ, ಕಂಠ ಟೊಳ್ಳೆನಿಸುತ್ತದೆ. ರಿವರ್ಬ್ ಮಾತ್ರ ಈ ತೊಡಕಿನಿಂದ ಪಾರಾಗುತ್ತದೆ. ಮೂಲ ಧ್ವನಿಯನ್ನು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನಿಂದ ನೇರವಾಗಿ ಹೆಡ್‌ಫೋನಿಗೆ ಕೊಟ್ಟು, ಅನುರಣನವನ್ನಷ್ಟೇ ಕಂಪ್ಯೂಟರಿನಿಂದ ತಂದರೆ, ಹನ್ನೆರಡು ಮಿಲಿಸೆಕೆಂಡ್ ತಡವಾದರೂ ಯಾರಿಗೂ ಬಾಧಕವಿಲ್ಲ. ನಿಜವಾದ ಸಭಾಂಗಣದಲ್ಲೂ ಗೋಡೆಯಿಂದ ಮರಳುವ ಸದ್ದು ತಡವಾಗಿಯೇ ಬರುತ್ತದೆ. ಆದ್ದರಿಂದ ಹಣದ ಮಿತಿಯಲ್ಲಿ ಸ್ಟುಡಿಯೋ ಕಟ್ಟುವವರು ಮೊದಲು ಬಿಡಬೇಕಾದದ್ದು ರಿವರ್ಬ್ ಯಂತ್ರವನ್ನು, ಕೊನೆಯವರೆಗೂ ಇಟ್ಟುಕೊಳ್ಳಬಹುದಾದದ್ದು ಮೈಕಿನ ದಾರಿಯಲ್ಲಿರುವ ಕಂಪ್ರೆಸರನ್ನು.

ಬಾಳಿಕೆಯ ಮಾತಿಗೆ ಬಂದರೆ ತಕ್ಕಡಿ ಯಂತ್ರದ ಕಡೆಗೇ ವಾಲುತ್ತದೆ. ಅರ್ಧ ಶತಮಾನ ದಾಟಿದ 1176 ಕಂಪ್ರೆಸರಿನಲ್ಲಿ ಒಂದು ಕೆಪಾಸಿಟರ್ ಸತ್ತರೆ ಬೆಸುಗೆ ಬಲ್ಲವರು ಅದನ್ನು ಬದಲಿಸುತ್ತಾರೆ. 2019ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಮ್ಯಾಕ್ ಓಎಸ್ ಕ್ಯಾಟಲಿನಾ (ಆಪಲ್ ಕಂಪ್ಯೂಟರುಗಳ ಕಾರ್ಯಾಚರಣಾ ವ್ಯವಸ್ಥೆ) ಹಳೆಯ 32 ಬಿಟ್ ಮಾದರಿಯ ತಂತ್ರಾಂಶಗಳನ್ನು ಕೈಬಿಟ್ಟಾಗ, ಹಾಗೆಯೇ ಉಳಿದಿದ್ದ ಪ್ಲಗಿನ್‌ಗಳಿಗೆ ಯಾವ ಬೆಸುಗೆಯೂ ಇರಲಿಲ್ಲ. ಪರವಾನಗಿ ದೃಢಪಡಿಸುವ ಸರ್ವರ್ ನಿಂತುಹೋದರೂ ಇದೇ ಗತಿ. ಯಂತ್ರಗಳನ್ನು ಮಾರಿ ಪ್ಲಗಿನ್‌ಗಳಿಗೆ ಹೋಗುವವರು ಅದಕ್ಕಾಗಿ ಒಂದು ರೂಢಿಯನ್ನು ಬೆಳೆಸಿಕೊಳ್ಳಬೇಕಾಗುತ್ತದೆ: ಮಿಕ್ಸಿಂಗ್ ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಸಂಸ್ಕರಣೆ ಇಲ್ಲದೆ ಒಮ್ಮೆ, ಸಂಸ್ಕರಣೆಯೊಂದಿಗೆ ಇನ್ನೊಮ್ಮೆ, ಸಾದಾ ವೇವ್ ಕಡತಗಳಾಗಿ ಉಳಿಸಿ, ಬಳಸಿದ ಪ್ಲಗಿನ್‌ಗಳ ಹೆಸರು, ಆವೃತ್ತಿ ಮತ್ತು ಗುಬುಟುಗಳ ಅಂಕಿಗಳನ್ನು ಅದೇ ಫೋಲ್ಡರಿನಲ್ಲಿ ಬರೆದಿಡುವುದು.