ಬಿಡುಗಡೆ ಚೀಟಿಯ ನಂತರ

ಕೇಳುಗರಿಗೆ ನಮಸ್ಕಾರ.

ಎದೆಯುರಿ, ನಿದ್ದೆ ಬರುವುದಿಲ್ಲ, ಮೈಕೈ ನೋವು. ಒಂದೇ ತಿಂಗಳಲ್ಲಿ ಮೂರನೇ ಬಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ರೈತರು ಹೇಳುವುದು ಇಷ್ಟೇ. ಚೀಟಿಯಲ್ಲಿ ಮತ್ತೆ ಅದೇ ಮಾತ್ರೆ. ಸಾಲದ ಸಂಗತಿ, ಬತ್ತಿದ ಕೊಳವೆಬಾವಿಯ ಸಂಗತಿ ಬಾಯಿಗೆ ಬರುವ ಮೊದಲೇ ಮುಂದಿನವರ ಹೆಸರು ಕೂಗಿ ಆಗಿರುತ್ತದೆ. ಹೀಗೆ ತಿರುತಿರುಗಿ ಬರುವವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, "ಸಾಯಬೇಕು ಅನ್ನಿಸುತ್ತದೆಯೇ?" ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾದೀತೆಂಬ ಅಂಜಿಕೆ ವೈದ್ಯರಲ್ಲೂ ಇದೆ. ಅದಕ್ಕೆ ಆಧಾರವಿಲ್ಲ.

ಇದಕ್ಕಿಂತ ದೊಡ್ಡ ಲೋಪ ನನಗೆ ಕಾಣುವುದು ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರ ಆರೈಕೆಯಲ್ಲಿ. ವಾರ್ಡಿನಲ್ಲಿ ಉಪದೇಶಕ್ಕೆ ಬರವಿಲ್ಲ. "ಮಕ್ಕಳ ಮುಖವಾದರೂ ನೋಡಬಾರದಿತ್ತೇ" ಎಂದು ಹೇಳದವರೇ ಅಪರೂಪ. ಮನೆಯವರಿಗೆ ಪೊಲೀಸರ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಆರೈಕೆ ಕೊಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಇದನ್ನು ಮನೆಯವರಿಗೆ ತಿಳಿಸುವ ಕೆಲಸ ಆಸ್ಪತ್ರೆಯದೇ.

ಆಮೇಲೆ ಬಿಡುಗಡೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಆದರೆ ಮನೆಗೆ ಹೋದ ಮೊದಲ ವಾರಗಳೇ ಹೆಚ್ಚು ಅಪಾಯದವು. ಚೆನ್ನೈ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬದುಕುಳಿದವರೊಂದಿಗೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆ ಮಾತು; ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಕರೆ ಅಥವಾ ಭೇಟಿ, ಮೊದಮೊದಲು ಒತ್ತೊತ್ತಾಗಿ. ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇಕಡ 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ, ಹೀಗೆ ಮಾತು, ಕರೆ, ಭೇಟಿಯ ಆರೈಕೆ ಪಡೆದವರಲ್ಲಿ ಅದು ಶೇಕಡ 0.2. ಇದಕ್ಕೆ ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ನಮ್ಮಲ್ಲೂ ಈ ಕೆಲಸವನ್ನು ಶುಶ್ರೂಷಕಿಯರು ಮಾಡಬಲ್ಲರು, ತರಬೇತಿ ಕೊಟ್ಟರೆ ಆಶಾ ಕಾರ್ಯಕರ್ತೆಯರೂ ನೆರವಾಗಬಲ್ಲರು. ಅವರ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ ಎಂಬುದೂ ನಿಜ. ಗೌರವಧನವಿಲ್ಲದೆ ಹೊಸ ಕೆಲಸ ಹೊರಿಸುವುದು ಸರಿಯಲ್ಲ.

ಮನೆಗೆ ಕಳಿಸುವಾಗ ಇನ್ನೊಂದು ಮಾತು ಕೇಳಬೇಕು: ಬೆಳೆಗೆ ಹೊಡೆಯುವ ಔಷಧಿ ಎಲ್ಲಿದೆ, ಅದಕ್ಕೆ ಬೀಗವಿದೆಯೇ, ಬೀಗದ ಕೈ ಯಾರ ಬಳಿ? ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಬಹಳ ಇಳಿಯಿತು. ಮಾತ್ರೆಗಳನ್ನೂ ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡದೆ, ಕೆಲವು ದಿನಗಳಿಗಾಗುವಷ್ಟೇ ಕೊಡಬಹುದು.

ಬಿಡುಗಡೆ ಚೀಟಿಯ ಮೇಲೆ ಮುಂದಿನ ಕರೆಯ ದಿನಾಂಕ, ಕರೆ ಮಾಡುವವರ ಹೆಸರು ಬರೆದಿರಲಿ. ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇರಲಿ. ಈಗ ಕೇಳುತ್ತಿರುವವರಲ್ಲಿ ಯಾರಿಗಾದರೂ ಮನಸ್ಸು ಕುಸಿದಿದ್ದರೆ, ಚೀಟಿಗಾಗಿ ಕಾಯಬೇಡಿ. ಹಗಲಾಗಲಿ ರಾತ್ರಿಯಾಗಲಿ ಆ ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.