ನಾಲ್ಕು ಸೀಟ್ ಇದ್ರ ನಾಲ್ಕು ಮಂದಿ ಹಾರಬಹುದಾ? ಸಣ್ಣ ವಿಮಾನ ಆರಿಸೂ ಲೆಕ್ಕ

[ದೃಶ್ಯ: ಬೆಳಗಾವಿ, ಸಾಂಬ್ರಾ ವಿಮಾನ ನಿಲ್ದಾಣದ ಹೊರಗಿನ ರಸ್ತೆ. ಏಪ್ರಿಲ್ ಮಧ್ಯಾಹ್ನ. ತರಬೇತಿ ವಿಮಾನವೊಂದು ಮೇಲೇರುತ್ತಿದೆ.]

ನಮಸ್ಕಾರ್ರಿ. ಆ ವಿಮಾನ ನೋಡ್ರಿ, ಎಷ್ಟ ಹಗೂರಕ ಏರಾಕತ್ತೈತಿ. ಮುಂಜಾನೆ ಏಳಕ್ಕ ಬಂದು ನೋಡಿದ್ರ ಇದs ವಿಮಾನ ಭಾಳ ಚುರುಕಾಗಿ ಏರ್ತೈತಿ. ಎಂಜಿನ್ ಅದs. ಬದಲಾಗಿದ್ದು ಗಾಳಿ. ಯಾಕಂತ ಆಮ್ಯಾಲ ಹೇಳ್ತೀನಿ.

ಸ್ವಂತಕ್ಕೊಂದು ಸಣ್ಣ ವಿಮಾನ ತಗೋಬೇಕು ಅನ್ನಾವ್ರು ಮೊದಲು ಕೇಳೂದು, "ಯಾವ ಕಂಪನೀದು ಛಲೋ?" ನಾ ತಿರುಗಿ ಕೇಳ್ತೀನಿ: ಎಲ್ಲಿಗೆ ಹೋಗಾವ್ರು, ಎಷ್ಟ ಮಂದಿ, ತಿಂಗಳಿಗೆ ಎಷ್ಟ ಸಲ? ಟ್ರ್ಯಾಕ್ಟರ್ ತಗೊಳ್ಳೂ ಮುಂದ ನಮ್ಮ ರೈತರು ಎರೆಹೊಲ ಎಷ್ಟೈತಿ, ಕಬ್ಬಿನ ಟ್ರೇಲರ್ ಎಳೀಬೇಕೋ ಏನು ಅಂತ ನೋಡ್ತಾರ. ಇಲ್ಲೂ ಅಷ್ಟs.

[ದೃಶ್ಯ: ಲಾಗ್‌ಬುಕ್ಕಿನ ಹಾಳೆ, ಹತ್ತಿರದಿಂದ]

ಇದು ನನ್ನ ಲಾಗ್‌ಬುಕ್. ಹತ್ತರಾಗ ಏಳು ಸಲ ಇಬ್ಬರs, ತಾಸಿನೊಳಗಿನ ಹಾರಾಟ. ಹುಬ್ಬಳ್ಳಿ ಗಾಳಿದಾರ್ಯಾಗ ಸುಮಾರು 75 ಕಿಲೋಮೀಟರ್. ಬೆಂಗಳೂರಿನ ಜಕ್ಕೂರು ಸುಮಾರು 445, ಅಲ್ಲಿಗೆ ಹೋಗಿದ್ದು ವರ್ಷದಾಗ ಒಮ್ಮೆ. ಆ ಒಂದು ಸಲಕ್ಕಂತ ದೊಡ್ಡ ವಿಮಾನ ತಂದ್ರ, ಉಳಿದ ವರ್ಷೆಲ್ಲಾ ಖಾಲಿ ಸೀಟಿಗೆ ಖರ್ಚು ಮಾಡ್ತೀರಿ. ಇಬ್ಬರs ಹಾರಾವ್ರಿಗೆ ಸೆಸ್ನಾ 152 ಸಾಕು. ಎರಡು ಸೀಟು, 110 ಅಶ್ವಶಕ್ತಿ, ತಾಸಿಗೆ ಸುಮಾರು 23 ಲೀಟರ್.

ಈಗ ನಾಲ್ಕು ಸೀಟಿನ ಸೆಸ್ನಾ 172ಎಸ್. ಇಲ್ಲಿ ಪೆನ್ ಹಿಡೀರಿ. ಇದರ ಗರಿಷ್ಠ ತೂಕ 1,157 ಕೆಜಿ. ಖಾಲಿ ತೂಕ ಒಂದೊಂದು ವಿಮಾನದ್ದು ಒಂದೊಂದು, 760 ಅಂತ ಹಿಡಿಯೂಣು. ಉಳೀತು 397. ಟ್ಯಾಂಕ್ ತುಂಬಿಸಿದ್ರ ಬಳಸಾಕ ಸಿಗೂದು ಸುಮಾರು 200 ಲೀಟರ್, ಅದರ ತೂಕs 144 ಕೆಜಿ. ಉಳಿದದ್ದು 253. ಎಂಬತ್ತು ಕೆಜಿಯ ಮೂರು ಮಂದಿ, ಮ್ಯಾಲ 13 ಕೆಜಿ ಸಾಮಾನು. ನಾಲ್ಕನೇದಾವ್ರು ಕೆಳಗs! ಅವರನ್ನೂ ಕೂಡಿಸ್ಕೋಬೇಕಂದ್ರ ಟ್ಯಾಂಕ್ ಅರ್ಧ ಮಾಡ್ರಿ. ಹುಬ್ಬಳ್ಳಿಗೆ ಅಡ್ಡಿಯಿಲ್ಲ. ಜಕ್ಕೂರಿಗೆ ಎರಡು ತಾಸು ಬೇಕು, ಮೀಸಲು ಇಂಧನ ಹಿಡಿದ್ರ ಭಾಳ ಬಿಗಿಯಾಗೂ ಲೆಕ್ಕ. ನಾ ಆ ಲೆಕ್ಕದ ಮ್ಯಾಲ ಹೋಗಾಂವಲ್ಲ.

[ದೃಶ್ಯ: ಸ್ಪ್ರಿಂಗ್ ತಕ್ಕಡಿಗೆ ತೂಗುಬಿಟ್ಟ ಚೀಲ, ಮುಳ್ಳು ಏಳರ ಮೇಲೆ]

ಈ ಚೀಲದಾಗ ಎರಡು ಜೋಡಿ ಅರಿವಿ, ಕುಂದಾ ಡಬ್ಬಿ, ಗೋಕಾಕ ಕರದಂಟು. ಏಳು ಕೆಜಿ! ಕೈಯಾಗ ಹಿಡಿದ್ರ ನಾಲ್ಕು ಅನ್ನಿಸಿತ್ತು. ದಯವಿಟ್ಟು ಅಂದಾಜಿನ ಮ್ಯಾಲ ಬಿಡಬ್ಯಾಡ್ರಿ, ಮಂದೀನ್ನೂ ತೂಗ್ರಿ.

ಇನ್ನ ಮಧ್ಯಾಹ್ನದ ಗಾಳಿ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,490 ಅಡಿ ಮ್ಯಾಲೈತಿ. ಪ್ರಮಾಣಿತ ಲೆಕ್ಕದಾಗ ಇಷ್ಟೆತ್ತರಕ್ಕ 10 ಡಿಗ್ರಿ ಇರಬೇಕು. ಏಪ್ರಿಲ್‌ನಾಗ 36 ಆದ್ರ 26 ಡಿಗ್ರಿ ಹೆಚ್ಚು. ಗಾಳಿ ಕಾದಷ್ಟು ತೆಳು ಆಗ್ತೈತಿ; ನಿಲ್ದಾಣದ ಎತ್ತರಕ್ಕ ಡಿಗ್ರಿಗೆ 120 ಅಡಿ ಕೂಡಿಸಿದ್ರ ವಿಮಾನಕ್ಕ ಅದು 5,600 ಅಡಿ ಎತ್ತರದ ತೆಳು ಗಾಳಿ. ಟರ್ಬೊ, ಅಂದ್ರ ಗಾಳಿ ಒತ್ತಿ ಎಂಜಿನ್‌ಗೆ ತುಂಬೂ ಸಾಧನ, ಇಲ್ಲದ ಎಂಜಿನ್ ಸಮುದ್ರಮಟ್ಟದ ಶಕ್ತ್ಯಾಗ ಸುಮಾರು ಆರನೇ ಒಂದು ಪಾಲು ಕಳಕೋತೈತಿ. ನಮ್ಮ ರನ್‌ವೇ ಉದ್ದೈತಿ, ಏಳಾಕ ತೊಂದರೆಯಿಲ್ಲ. ಎದ್ದ ಮ್ಯಾಲ ಏರೂದು ಕಷ್ಟ, ಅದೂ ಪಡುವಣಕ್ಕ ಸಹ್ಯಾದ್ರಿ ದಾಟಿ ಗೋವಾಕ್ಕ ಹೊಂಟಾಗ.

ಡೈಮಂಡ್ ಡಿಎ40 ಎನ್‌ಜಿ ಇಲ್ಲಿ ಮನಸ್ಸಿಗೆ ಬರ್ತೈತಿ. 168 ಅಶ್ವಶಕ್ತಿಯ ಟರ್ಬೊ ಡೀಸೆಲ್ ಎಂಜಿನ್, ಈ ಎತ್ತರಕ್ಕ ಅಷ್ಟು ಶಕ್ತಿ ಕಳಕೊಳ್ಳೂದಿಲ್ಲ. ಕುಡಿಯೂದು ದೊಡ್ಡ ವಿಮಾನಗಳ ಜೆಟ್ ಇಂಧನ. ಸೆಸ್ನಾಕ್ಕ ಬೇಕಾಗೂದು ಏವಿಗ್ಯಾಸ್, ಅಂದ್ರ ಸಣ್ಣ ವಿಮಾನದ ಪೆಟ್ರೋಲ್, ಅದು ಎಲ್ಲಾ ನಿಲ್ದಾಣದಾಗ ಸಿಗೂದಿಲ್ಲ. ನಮ್ಮ ದೇಶದಾಗs ತಯಾರಾಗಾಕ ಸುರು ಆಗಿದ್ದು 2022ರಾಗ. ಹೋಗೂ ಊರಾಗ ಇಂಧನ ಸಿಗೂದಿಲ್ಲಂದ್ರ ಬರೂ ದಾರಿದೂ ಇಲ್ಲಿಂದs ಹೊತ್ತು ಹೋಗಬೇಕು. ಮತ್ತ ತೂಕ!

ಡೈಮಂಡ್‌ಗೆ ರೊಕ್ಕ ಹೆಚ್ಚು. ವಾರಕ್ಕ ಎರಡು ಸಲ ದೂರ ಹೋಗಾವ್ರಿಗೆ ಅದನ್ನs ಹೇಳ್ತೀನಿ. ನನ್ನಂಗ ಹಾರಾವ್ರು ಎರಡು ಸೀಟಿಂದs ತಗೋರಿ. ಜಕ್ಕೂರಿಗೆ ಸಂಸಾರ ಕರಕೊಂಡು ಹೋಗೂ ದಿನ ದೊಡ್ಡ ವಿಮಾನ ಬಾಡಿಗಿಗೆ ತಗೊಂಡು ಮುಂಜಾನೆ ಏಳರೊಳಗ ಬಿಡ್ರಿ.