ಮುತ್ತಿಗೆಯಲ್ಲ, ಕರೆ

ಕೇಳುಗರೇ, ನಮಸ್ಕಾರ.

ಕತ್ತಿನಲ್ಲಿ ನೋವಿಲ್ಲದೆ ಊದಿಕೊಂಡ ಒಂದು ಗಂಟು. ಅದರ ತೆಳುವಾದ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಿದ್ದಾರೆ ಅಂದುಕೊಳ್ಳಿ. ಕಾಯಿಲೆ ಹಾಡ್ಜ್‌ಕಿನ್ ಲಿಂಫೋಮಾ, ದುಗ್ಧರಸ ಗ್ರಂಥಿಯ ಕ್ಯಾನ್ಸರ್. ಆದರೆ ಆ ಚೂರಿನಲ್ಲಿ ಕ್ಯಾನ್ಸರ್ ಕೋಶವನ್ನು ಹುಡುಕಬೇಕಾಗುತ್ತದೆ! ನೂರು ಕೋಶ ಎಣಿಸಿದರೆ ಎಷ್ಟೋ ಸಲ ಒಂದೋ ಎರಡೋ. ಸಿಕ್ಕಿದ ಮೇಲೆ ಮರೆಯುವಂಥದ್ದಲ್ಲ: ದೊಡ್ಡ ಮೈ, ಎರಡು ಕೋಶಕೇಂದ್ರ, ಒಂದೊಂದರ ನಡುವೆ ಒಂದೊಂದು ದಪ್ಪ ಬೊಟ್ಟು. ಗೂಬೆ ಕಣ್ಣರಳಿಸಿ ನೋಡಿದ ಹಾಗೆ. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್, 1902ರಲ್ಲಿ ಡೊರೊತಿ ರೀಡ್ ಇದನ್ನು ವಿವರಿಸಿದರು. ಹಾಗಾಗಿ ರೀಡ್-ಸ್ಟರ್ನ್‌ಬರ್ಗ್ ಕೋಶ ಎಂದೇ ಹೆಸರು.

ಹಾಗಾದರೆ ಗಂಟಿನಲ್ಲಿ ತುಂಬಿಕೊಂಡಿರುವವರು ಯಾರು? ನಮ್ಮದೇ ಕಾವಲಿನವರು, ರೋಗನಿರೋಧಕ ಕೋಶಗಳು. ಟಿ ಕೋಶ, ಮ್ಯಾಕ್ರೋಫೇಜ್, ಇಯೊಸಿನೊಫಿಲ್. ಶತ್ರುವಿಗೆ ಮುತ್ತಿಗೆ ಹಾಕಿದ್ದಾರೆ ಅಂತ ನನಗೂ ಮೊದಮೊದಲು ಅನಿಸಿತ್ತು. ಅಲ್ಲ. ಹೆಚ್ಚಿನವರನ್ನು ಕರೆಸಿಕೊಂಡದ್ದು ಆ ಗೂಬೆಗಣ್ಣಿನ ಕೋಶವೇ.

ಅದು ಟಾರ್ಕ್ ಎಂಬ ಕೀಮೋಕೈನನ್ನು, ಅಂದರೆ ಕೋಶಗಳನ್ನು ಸೆಳೆಯುವ ಪ್ರೋಟೀನನ್ನು, ಸುರಿಸುತ್ತಲೇ ಇರುತ್ತದೆ. ಕೆಲವು ಟಿ ಕೋಶಗಳ ಮೈಮೇಲೆ ಅದನ್ನು ಹಿಡಿಯುವ ಗ್ರಾಹಕವಿದೆ. ಇರುವೆ ಬೆಲ್ಲದ ಜಾಡು ಹಿಡಿದಂತೆ, ಟಾರ್ಕ್ ದಟ್ಟವಾಗಿರುವ ಕಡೆಗೆ ಅವು ತೆವಳುತ್ತವೆ. ಬರುವವರಲ್ಲಿ ಕೊಲ್ಲುವ ಜಾತಿಯವು ಕಡಿಮೆ. ಸಹಾಯಕ ಕೋಶಗಳು, ಜಗಳ ತಣ್ಣಗಾಗಿಸುವ ನಿಯಂತ್ರಕ ಕೋಶಗಳೇ ಜಾಸ್ತಿ. ಬಂದವು ಹೂವಿನ ದಳಗಳಂತೆ ಸುತ್ತಲೂ ಅಂಟಿಕೊಂಡು, ‘ಬದುಕು, ಬೆಳೆ’ ಎಂಬ ಸಂಕೇತವನ್ನು ಕೊಡುತ್ತವೆ.

ಯಾಕೆ ಹೀಗೆ? ರೀಡ್-ಸ್ಟರ್ನ್‌ಬರ್ಗ್ ಕೋಶ ಹುಟ್ಟಿದ್ದೇ ಬಿ ಕೋಶದಿಂದ, ಅದೂ ಕಾವಲಿನವರಲ್ಲಿ ಒಂದು. ಗ್ರಂಥಿಯಲ್ಲಿ ಆರೋಗ್ಯವಂತ ಬಿ ಕೋಶವೂ ಟಿ ಕೋಶದ ಆಸರೆಯಲ್ಲೇ ಬಲಿಯುವುದು. ಕೆಟ್ಟ ಮೇಲೂ ಆ ಹಳೆಯ ಅಭ್ಯಾಸ ಹೋಗಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಮಾತ್ರವಲ್ಲ, ಉಳಿದ ಬೇಲಿಯನ್ನೂ ಕರೆದು ತನಗೆ ನೆರಳು ಮಾಡಿಸಿಕೊಂಡಿದೆ. ನೆರೆಯವರಿಲ್ಲದೆ ಪ್ರಯೋಗಾಲಯದ ತಟ್ಟೆಯಲ್ಲಿ ಒಂಟಿಯಾಗಿ ಬೆಳೆಸಹೋದರೆ ಈ ಕೋಶ ಸುಲಭಕ್ಕೆ ಬದುಕುವುದಿಲ್ಲ.

ಬಂದವರು ತಿರುಗಿಬಿದ್ದರೆ? ಅದಕ್ಕೂ ಸಿದ್ಧತೆ ಇದೆ. ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ದಂಡಿಯಾಗಿ ಹೊರುತ್ತದೆ. ಟಿ ಕೋಶ ಅದನ್ನು ಮುಟ್ಟಿದ ಕೂಡಲೇ ಸುಮ್ಮನಾಗುತ್ತದೆ. ಈ ಹಿಡಿತವನ್ನು ಬಿಡಿಸುವ ನಿವೊಲುಮ್ಯಾಬ್ ಔಷಧವನ್ನು ಈ ಕಾಯಿಲೆಗೆ ಕೊಟ್ಟಾಗಿನ ಮೊದಲ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಬೇರೆ ಚಿಕಿತ್ಸೆಗಳ ನಂತರವೂ ಕಾಯಿಲೆ ಮರುಕಳಿಸಿದ್ದ ಅಥವಾ ಬಗ್ಗದಿದ್ದ 23 ರೋಗಿಗಳಲ್ಲಿ 20 ಮಂದಿಗೆ ಗಡ್ಡೆ ಕುಗ್ಗಿತು. ಆ ಸಂಖ್ಯೆ ಓದಿದ ದಿನದ ಸಂತೋಷ ನನ್ನಲ್ಲಿ ಇನ್ನೂ ಹಾಗೇ ಇದೆ.

ಆ ಟಾರ್ಕ್ ಗಂಟಿನೊಳಗೇ ಉಳಿಯುವುದಿಲ್ಲ, ರಕ್ತಕ್ಕೂ ಸೇರುತ್ತದೆ. ಚಿಕಿತ್ಸೆ ಹಿಡಿದಾಗ ಅದರ ಮಟ್ಟ ಇಳಿಯುತ್ತದೆ. ಕರೆಯುವವರು ಕಡಿಮೆಯಾದದ್ದು ಒಂದು ಸೀಸೆ ರಕ್ತದಲ್ಲಿ ಕಾಣುತ್ತದೆ.

ನಮಸ್ಕಾರ.